ಬಾಗಿಲ ಮುಂದಿನ ಮ್ಯಾಟ್, ಮೇಜಿನ ಮೇಲಿನ ಹೊಲ: ಐದು ವರ್ಷ ಬಳಸಿದ ಮೇಲೆ

ಮೊದಲು ದೂರು ಹೇಳಿಬಿಡುತ್ತೇನೆ. ಇದು ಉದುರುತ್ತದೆ. ಕೊಂಡ ದಿನ ಉದುರಿತು, ಕತ್ತರಿಸಿದ ದಿನ ಉದುರಿತು, ಐದು ವರ್ಷ ಕಳೆದ ಮೇಲೆ, ಹೋದ ಭಾನುವಾರವೂ ಉದುರಿತು. ಅವತ್ತು ಒಂದು ನಾರು ನನ್ನ ಕಾಫಿ ಲೋಟದಲ್ಲಿ ತೇಲುತ್ತಿತ್ತು. ಇನ್ನೊಂದು ಎಲ್ಲಿ ಸಿಕ್ಕಿತು ಅಂತ ಹೆಂಡತಿ ಹೇಳಲಿಲ್ಲ, ಸುಮ್ನೆ ತಟ್ಟೆಯ ಅಂಚಿನಲ್ಲಿ ಎತ್ತಿಟ್ಟಳು.

ಬಾಗಿಲ ಮುಂದೆ ಹಾಕುವ ತೆಂಗಿನ ನಾರಿನ ಮ್ಯಾಟ್ ಬಗ್ಗೆ ಹೇಳುತ್ತಿದ್ದೇನೆ. ಕೆಳಗೆ ಪಿವಿಸಿ ಹಾಳೆ, ಮೇಲೆ ಒತ್ತೊತ್ತಾಗಿ ನಿಂತ ಕಂದು ನಾರು. ಎಲ್ಲರೂ ದಿನಾ ತುಳಿಯುವುದೇ ಆದ್ದರಿಂದ ಅಳತೆ, ತೂಕ ಎಲ್ಲ ಬೇಡ. ನಾನು ಕಾಲೊರಸಲು ಕೊಂಡದ್ದಲ್ಲ. ಪುಟಾಣಿ ಸೈನಿಕರನ್ನು ಜೋಡಿಸಿ ಹಳೆಯ ಯುದ್ಧಗಳನ್ನು ಆಡುವ ಹುಚ್ಚು ನನ್ನದು. ಆ ಮೇಜಿನ ಮೇಲೆ ಹೊಲ ಮಾಡಲು ಕೊಂಡದ್ದು.

ಹೊಲ ಯಾಕೆ ಅಷ್ಟು ಮುಖ್ಯ? ನಾವು ಮೂವರು ಗೆಳೆಯರು ಹೆಚ್ಚಾಗಿ ಆಡುವುದು 1815ರ ಜೂನ್ 16ರ ಕ್ವಾತ್ರ್ ಬ್ರಾ ಕದನ. ನೆಪೋಲಿಯನ್ ಕೊನೆಗೆ ಸೋತ ವಾಟರ್ಲೂ ಕದನಕ್ಕೆ ಎರಡು ದಿನ ಮುಂಚೆ, ಬೆಲ್ಜಿಯಂನ ಒಂದು ನಾಲ್ಕು ದಾರಿ ಕೂಡುವ ಜಾಗದಲ್ಲಿ ನಡೆದದ್ದು. ಅಲ್ಲಿ ಆಗ ರೈ ಅನ್ನುವ ಬೆಳೆ ಆಳೆತ್ತರ ನಿಂತಿತ್ತು. ಗೋಧಿಯ ನೆಂಟ ಅಂದುಕೊಳ್ಳಿ. ಒಳಗೆ ನಿಂತವನಿಗೆ ಎದುರಿನ ಕುದುರೆ ಕಾಣುತ್ತಿರಲಿಲ್ಲ. ಬ್ರಿಟಿಷರ 42ನೇ ಹೈಲ್ಯಾಂಡರ್ ದಳದ ಮೇಲೆ ಫ್ರೆಂಚ್ ಈಟಿ ಸವಾರರು ಎರಗಿದಾಗ ಅವರ ಚೌಕ, ಅಂದರೆ ಕುದುರೆಗಳನ್ನು ತಡೆಯಲು ಕಾಲಾಳುಗಳು ನಾಲ್ಕೂ ಕಡೆ ಮುಖ ಮಾಡಿ ನಿಲ್ಲುವ ವ್ಯೂಹ, ಇನ್ನೂ ಪೂರ್ತಿ ಕಟ್ಟಿರಲಿಲ್ಲ. 69ನೇ ದಳದ ಕಥೆ ಇನ್ನೂ ಕೆಟ್ಟದ್ದು. ಫ್ರೆಂಚ್ ಸೇನಾಪತಿ ಕೆಲ್ಲರ್ಮನ್‌ನ ಕವಚಧಾರಿ ಸವಾರರು ಬಂದು ಅವರ ರಾಜಧ್ವಜವನ್ನೇ ಕಿತ್ತುಕೊಂಡು ಹೋದರು. ಅಂದರೆ ಆ ಕದನದಲ್ಲಿ ಬೆಳೆಯೂ ಒಂದು ಪಕ್ಷ. ಮೇಜಿನ ಮೇಲೆ ಹಳದಿ ಬಟ್ಟೆ ಹಾಸಿ 'ಇದು ಹೊಲ' ಅಂದರೆ ಆಟಕ್ಕೇ ಅರ್ಥವಿಲ್ಲ.

ಹೊರದೇಶದಿಂದ ರೆಡಿಮೇಡ್ ಹೊಲಗಳು ಸಿಗುತ್ತವೆ, ನೋಡಲು ಚಂದ. ಅಂಗೈಯಗಲದ ಒಂದು ತುಂಡಿಗೆ ಸಾಗಾಟ, ಕಸ್ಟಮ್ಸ್ ಸೇರಿ ಸಾವಿರ ದಾಟಿತು. ನನಗೆ ಬೇಕಿದ್ದದ್ದು ಅಂಥ ಮೂವತ್ತು. ಬಾಡಿಗೆ ಮನೆಯವನು ನಾನು, ಆ ದುಡ್ಡನ್ನು ಹೊಲಕ್ಕೆ ಸುರಿಯುವುದಾದರೆ ನಿಜವಾದ ಹೊಲಕ್ಕೇ ಸುರಿಯಬಹುದಲ್ವಾ? ಈ ಮ್ಯಾಟ್‌ಗೆ ಆಗ 380 ರೂಪಾಯಿ ಕೊಟ್ಟೆ.

ಇಲ್ಲೇ ನಾನು ಬೀಗಿದ್ದು. ಸ್ಕೇಲ್ ಹಿಡಿದು ಅಳೆದೆ. ಮ್ಯಾಟ್ ದಪ್ಪ 16 ಮಿಲಿಮೀಟರ್, ಅದರಲ್ಲಿ ತಳವೇ 2. ಉಳಿದ ನಾರು 14. ನಮ್ಮ ಸೈನಿಕರು 15 ಮಿಲಿಮೀಟರ್‌ನವರು, ಅಂದರೆ ಸುಮಾರು ನೂರರಲ್ಲಿ ಒಂದು ಪಾಲು. ಸೈನಿಕನನ್ನು ನಾರಿನ ಪಕ್ಕ ನಿಲ್ಲಿಸಿದರೆ ಟೋಪಿಯೂ ಬಂದೂಕಿನ ತುದಿಯೂ ಮಾತ್ರ ಮೇಲೆ ಕಾಣುತ್ತವೆ. ಕ್ವಾತ್ರ್ ಬ್ರಾ ಅಂದರೆ ಹೀಗೇ ಇರಬೇಕು! 28 ಮಿಲಿಮೀಟರ್ ಗೊಂಬೆ ಇಟ್ಟುಕೊಂಡವರಿಗೆ ಇದೇ ಮ್ಯಾಟ್ ಸೊಂಟದವರೆಗೆ ಮಾತ್ರ ಬರುತ್ತದೆ. ಇವತ್ತಿನ ಗೋಧಿಗೆ ಅದು ಸರಿ. ಆದರೆ ಈ ಗಿಡ್ಡ ಗೋಧಿ ತಳಿಗಳು ಎಲ್ಲೆಡೆ ಹರಡಿದ್ದು 1960ರ ದಶಕದಿಂದ ಈಚೆಗೆ. ಅದಕ್ಕಿಂತ ಹಿಂದಿನ ಯುದ್ಧಕ್ಕೆ, 1944ರ ಫ್ರಾನ್ಸಿನ ನಾರ್ಮಂಡಿ ಕದನಕ್ಕೂ ಸೇರಿ, ಬೆಳೆ ಎದೆಮಟ್ಟ ಇದ್ದರೇ ಚೆನ್ನ. ನೀವು 28ರವರಾದರೆ ಅಂಗಡಿಯಲ್ಲಿ ಇನ್ನೂ ದಪ್ಪನೆಯದನ್ನು ಕೇಳಿ.

ಕತ್ತರಿಸುವ ವಿಷಯಕ್ಕೆ ಬರೋಣ. ಮೊದಲ ಮ್ಯಾಟನ್ನು ನಾನು ಮೇಲಿನಿಂದ ಕತ್ತರಿಯಲ್ಲಿ ಕತ್ತರಿಸಿದೆ. ಅಂಚಿನ ನಾರೆಲ್ಲ ಅರ್ಧಕ್ಕೆ ತುಂಡಾಗಿ, ಹೊಲ ಹೋಗಿ ಎಳೆ ಹುಡುಗನ ಮೊದಲ ಕ್ಷೌರ ಆಯಿತು. ಮಗುಚಿ ಹಾಕಿ ತಳದ ಕಡೆಯಿಂದ ಬ್ಲೇಡಿನಲ್ಲಿ ಗೀರಬೇಕು. ತಳ ಮಾತ್ರ ಸೀಳಬೇಕು, ಆಮೇಲೆ ಎರಡು ಕೈಯಲ್ಲಿ ಹಿಡಿದು ಬಿಡಿಸಿದರೆ ನಾರು ತಾನೇ ದಾರಿ ಬಿಡುತ್ತದೆ. ಇದನ್ನು ತಾರಸಿಯಲ್ಲಿ ಮಾಡಿ. ಹಾಲ್‌ನಲ್ಲಿ ಮಾಡಿದರೆ ಏನಾಗುತ್ತದೆ ಅಂತ ನನ್ನ ಹೆಂಡತಿಯನ್ನು ಕೇಳಿ.

ಎರಡನೇ ಮ್ಯಾಟನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಫೋಟೋದಲ್ಲಿ ಬರೀ ನಾರು ಇತ್ತು. ಬಂದದ್ದರ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ 'ವೆಲ್‌ಕಮ್'. ವಾಪಸ್ ತೆಗೆದುಕೊಳ್ಳಿ ಅಂದರೆ ಪ್ಯಾಕ್ ಬಿಚ್ಚಿದ್ದೀರಿ ಅಂದರು. ಬಿಚ್ಚದೆ ಒಳಗೆ ಬರೆದದ್ದು ಹೇಗೆ ಓದಲಿ? ಮೂರು ಸಲ ಹಳದಿ ಬಣ್ಣ ಹೊಡೆದೆ, ಕಪ್ಪು ಕೆಳಗಿನಿಂದ ಇಣುಕುತ್ತಲೇ ಇತ್ತು. ಆ ತುಂಡುಗಳು ಬಹಳ ದಿನ ಮಂಚದ ಕೆಳಗೆ ಬಿದ್ದಿದ್ದವು.

ಇಷ್ಟರ ಹೊತ್ತಿಗೆ ನಾನು ಇದಕ್ಕೆ ಐದಕ್ಕೆ ಎರಡು ಕೊಡುವ ಮನಸ್ಸಿನಲ್ಲಿದ್ದೆ. ಆಗ ಮಾವ ಬಂದರು.

ಮಾವನ ಊರು ತಿಪಟೂರು ಕಡೆ. ತೆಂಗಿನ ತೋಟ, ಅದರಾಚೆ ರಾಗಿ ಹೊಲ. ಮಂಡಿ ನೋವು ತೋರಿಸಲು ಬೆಂಗಳೂರಿಗೆ ಬಂದವರು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತರು. ಸೈನಿಕರ ಕಡೆ ಕಣ್ಣೂ ಹಾಯಿಸಲಿಲ್ಲ.

"ಇದ್ಯಾವ ಬೆಳೆ ಅಳಿಯಂದ್ರೇ?"

"ರೈ ಅಂತ ಮಾವ. ಗೋಧಿ ಥರದ್ದು."

"ಸಾಲೆಲ್ಲಿ ಮತ್ತೆ? ಕೂರಿಗೆ ಹಾಕಿಲ್ವಾ?"

ಅಲ್ಲಿ ಆ ಕಾಲಕ್ಕೆ ಕೈಯಲ್ಲಿ ಎರಚಿ ಬಿತ್ತುವುದೇ ಜಾಸ್ತಿ ಇತ್ತು, ಹಾಗಾಗಿ ಸಾಲಿಲ್ಲ ಅಂದೆ. ಮಾವನ ಮುಖದಲ್ಲಿ ಆ ದೇಶದ ಮೇಲೇ ಕನಿಕರ ಮೂಡಿತು. "ಬೀಜ ದಂಡ," ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ತಪ್ಪು ಹೆಕ್ಕಿದರು. ಮರದ ಬುಡದಲ್ಲಿ ಬೆಳೆ ಇಷ್ಟೆತ್ತರ ಬರುವುದಿಲ್ಲ, ನೆರಳಿಗೆ ಕುಗ್ಗುತ್ತದೆ. ದಾರಿ ಅಂಚಿನಲ್ಲಿ ದನ ಬಾಯಿ ಹಾಕಿರುತ್ತವೆ, ಅಲ್ಲಿ ತೆಳುವಾಗಿರಬೇಕು. ಇಡೀ ಹೊಲ ಒಂದೇ ಬಣ್ಣಕ್ಕೆ ಹಣ್ಣಾಗುವುದಿಲ್ಲ, ತಗ್ಗಿನಲ್ಲಿ ಹಸಿರು ಉಳಿದಿರುತ್ತದೆ. "ಮಳೆ ಬಂದಿತ್ತಾ ಅಲ್ಲಿ?" ಅಂತ ಕೇಳಿದರು. ಕ್ವಾತ್ರ್ ಬ್ರಾ ಮಾರನೇ ದಿನ, ಅಂದರೆ 17ರಂದು, ರಾತ್ರಿಯಿಡೀ ಜೋರು ಮಳೆ ಹೊಯ್ದು ವಾಟರ್ಲೂ ನೆಲವೆಲ್ಲ ಕೆಸರಾಗಿತ್ತು ಅಂದೆ. "ಹಂಗಾದ್ರೆ ಬೆಳೆ ಮಲಗಿರ್ಬೇಕಲ್ಲ. ಇದು ಪೊಲೀಸ್ ಪರೇಡ್ ಥರ ನಿಂತೈತೆ."

ನಾನು ಎಷ್ಟೋ ವಿಡಿಯೋ ನೋಡಿದ್ದೆ. ಬೆಳೆ ಮಲಗಬೇಕು ಅಂತ ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ಈ ಮ್ಯಾಟ್ ಬೇರೆಯೇ ವಸ್ತುವಾಯಿತು. ನಾರು ಅಷ್ಟು ಗಟ್ಟಿ ಇರುವುದರ ಲಾಭ ಆಗ ಗೊತ್ತಾಯಿತು. ಕಾಯಿ ಮಟ್ಟೆಯ ನಾರಿನಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಜಾಸ್ತಿ. ನೀರು, ಅಂಟು, ಬಣ್ಣ ಯಾವುದಕ್ಕೂ ಬೇಗ ಸೋಲುವುದಿಲ್ಲ. ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ, ಮಲಗಿಸಬೇಕಾದ ಜಾಗಕ್ಕೆ ಹನಿಸಿ, ಒಂದೇ ದಿಕ್ಕಿಗೆ ಬಾಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಎರಡು ದಪ್ಪ ನಿಘಂಟು ಹೇರಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತೆಗೆದರೆ ಗಾಳಿ ಮಳೆಗೆ ಒರಗಿದ ಬೆಳೆ! ಅದೇ ಫೆವಿಕಾಲ್ ನೀರು ಬುಡಕ್ಕೆ ಇಳಿದ ಕಡೆ ಉದುರುವುದೂ ಮುಕ್ಕಾಲು ಪಾಲು ನಿಂತಿತು. ಇದನ್ನು ಮೊದಲ ದಿನವೇ ಇಡೀ ಮ್ಯಾಟ್‌ಗೆ ಮಾಡಬೇಕಿತ್ತು. ಎರಡು ವರ್ಷ ಸುಮ್ನೆ ಬೈದುಕೊಂಡೆ.

ಮರದ ಕೆಳಗಿನ ತುಂಡನ್ನು ಗಡ್ಡದ ಟ್ರಿಮ್ಮರ್‌ನಲ್ಲಿ ತಗ್ಗಿಸಿದೆ. ಪೂರ್ತಿ ಬುಡದವರೆಗೆ ಬೋಳಿಸಿದರೆ ಕೊಯ್ಲಾದ ಮೇಲಿನ ಕೂಳೆ ಸಿಗುತ್ತದೆ. ಟ್ರಿಮ್ಮರ್ ಅದೇ ವಾರ ಸತ್ತಿತು, ಅದು ಬೇರೆ ಖರ್ಚು. 'ವೆಲ್‌ಕಮ್' ತುಂಡುಗಳನ್ನು ಮಂಚದ ಕೆಳಗಿನಿಂದ ಎಳೆದು ತೋರಿಸಿದಾಗ ಮಾವ ನಕ್ಕು, "ಸುಟ್ಟ ಹೊಲ ಅನ್ನಿ, ಮುಗೀತು," ಅಂದರು. ಈಗ ಫಿರಂಗಿ ಗುಂಡು ಬಿದ್ದ ಹಳ್ಳಿಯ ಪಕ್ಕ ಅವೇ ಇರುತ್ತವೆ. ಹತ್ತಿರ ಬಗ್ಗಿ ನೋಡಿದವರಿಗೆ ಮಾತ್ರ ಒಂದು 'ಎಂ' ಕಾಣುತ್ತದೆ.

ಬಣ್ಣದ ಕೆಲಸ ನನಗೆ ತುಂಬ ಇಷ್ಟ. ಶನಿವಾರ ಸಂಜೆ, ಹಳೇ ಟೂತ್‌ಬ್ರಷ್, ಒಂದು ಚೂರು ತಿಳಿಹಳದಿ. ಬ್ರಷ್‌ಗೆ ಹತ್ತಿದ ಬಣ್ಣವನ್ನು ಮುಕ್ಕಾಲು ಪಾಲು ಪೇಪರಿಗೆ ಒರೆಸಿ, ಉಳಿದ ಒಣ ಬಣ್ಣವನ್ನು ನಾರಿನ ತುದಿಗೆ ಮಾತ್ರ ಸವರಬೇಕು. ನಾರಿನ ಕಂದು ಬಣ್ಣವೇ ಕೆಳಗೆ ನೆರಳಾಗುತ್ತದೆ, ತುದಿ ತೆನೆಯಾಗುತ್ತದೆ. ರೇಡಿಯೋ ಹಚ್ಚಿಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಟೀ ಲೋಟ ಮಾತ್ರ ದೂರ ಇಡಿ. ನಾನು ಒಮ್ಮೆ ಬ್ರಷ್ ಅದರಲ್ಲಿ ಅದ್ದಿದ್ದೇನೆ.

ಇನ್ನೊಂದು ಕಷ್ಟ ಉಳಿದಿತ್ತು. ಈ ನಾರಿನ ಮೇಲೆ ಸೈನಿಕರು ನಿಲ್ಲುವುದಿಲ್ಲ. ತಟ್ಟಿ ಇಟ್ಟರೂ ಓಲಾಡುತ್ತಾರೆ, ಫ್ಯಾನ್ ಗಾಳಿಗೆ ಇಡೀ ದಳ ಅಂಗಾತ ಬೀಳುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಹೊಸದೇನಲ್ಲ, ಈ ಆಟದವರು ಬಹಳ ಹಿಂದಿನಿಂದ ಮಾಡುವುದೇ. ಹೊಲವನ್ನು ನಾಲ್ಕೂವರೆ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಅಂಟಿಸದೆ ಒತ್ತಾಗಿ ಜೋಡಿಸಿಡುವುದು. ದಳ ಹೊಲಕ್ಕೆ ನುಗ್ಗಿದಾಗ ಅಷ್ಟು ಪಟ್ಟಿ ಎತ್ತಿ ಪಕ್ಕಕ್ಕಿಡಬೇಕು. ಕೆಳಗಿನ ರಟ್ಟಿನ ಮೇಲೆ ತುಳಿದ ನೆಲ ಮೊದಲೇ ಮಾಡಿರುತ್ತೇನೆ. ಆ ಮಣ್ಣು ಏನು ಗೊತ್ತೇ? ಮ್ಯಾಟ್ ಕೊಡವಿದಾಗ ಬಿದ್ದ ಪುಡಿ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅಂಟಿನ ಮೇಲೆ ಉದುರಿಸಿದರೆ ಉತ್ತ ಮಣ್ಣಿನ ಹಾಗೇ ಕೂರುತ್ತದೆ.

ಆಟ ಮುಗಿದ ಮೇಲೆ ನಾವು ಕೂಡಲೇ ಜೋಡಿಸಿಡುವುದಿಲ್ಲ. ಎತ್ತಿದ ಪಟ್ಟಿಗಳ ಖಾಲಿ ಜಾಗ ನೋಡಿದರೆ ಯಾರು ಎಲ್ಲಿ ನುಗ್ಗಿದರು, ಎಲ್ಲಿ ತಿರುಗಿ ಓಡಿದರು ಎಲ್ಲ ಬರೆದಿಟ್ಟ ಹಾಗಿರುತ್ತದೆ. ಹೋದ ತಿಂಗಳು ನನ್ನ 69ನೇ ದಳದ ಜಾಡು ಹೊಲದ ನಡುವೆ ಹೋಗಿ ಅಲ್ಲೇ ನಿಂತಿತ್ತು. ಹೊರಬಂದ ಗುರುತು ಇಲ್ಲ. ಗೆಳೆಯ ಏನೂ ಅನ್ನದೆ ಅದರ ಫೋಟೋ ತೆಗೆದುಕೊಂಡ.

ಎಲ್ಲ ಬೆಳೆಗೂ ಈ ಮ್ಯಾಟ್ ಆಗುವುದಿಲ್ಲ. ಅಮೆರಿಕದ ಅಂತರ್ಯುದ್ಧದ ಆಂಟೀಟಮ್ ಕದನದಲ್ಲಿ, 1862ರ ಸೆಪ್ಟೆಂಬರ್ 17ರಂದು, ಕದನ ಹೊತ್ತಿಕೊಂಡದ್ದು ಮೆಕ್ಕೆಜೋಳದ ಹೊಲದಲ್ಲಿ. ಚಾಕುವಿನಲ್ಲಿ ಕೊಯ್ದ ಹಾಗೆ ದಂಟೆಲ್ಲ ನೆಲಸಮವಾಗಿತ್ತು ಅಂತ ಜನರಲ್ ಹೂಕರ್ ವರದಿ ಮಾಡಿದ. ಮೆಕ್ಕೆಜೋಳಕ್ಕೆ ಸಾಲು ಬೇಕು, ಅಗಲ ಎಲೆ ಬೇಕು. ಅಕ್ವೇರಿಯಂಗೆ ಹಾಕುವ ಪ್ಲಾಸ್ಟಿಕ್ ಗಿಡ ಕತ್ತರಿಸಿ ಸಾಲಾಗಿ ನೆಡಬೇಕು. ಕದನ ಮುಗಿದ ಮೇಲಿನ ಆ ಹೊಲಕ್ಕೆ ಮಾತ್ರ ನನ್ನ ಬೋಳಿಸಿದ ಮ್ಯಾಟ್ ಆಗುತ್ತದೆ. ಚಿಕ್ಕಪೇಟೆಯಲ್ಲಿ ಸಿಗುವ ಟೆಡ್ಡಿ ಬಟ್ಟೆಯನ್ನೂ ನೋಡಿದೆ. ಇನ್ನೂ ಚಿಕ್ಕ ಗೊಂಬೆಗಳಿಗೆ ಅದು ಮೆತ್ತಗೆ, ಚೆನ್ನಾಗಿದೆ. ನನ್ನ ಅಳತೆಗೆ ಅದು ಬೆಳೆಗಿಂತ ಕರಡಿಯೇ ಅನ್ನಿಸಿತು.

ಇಡುವಾಗ ಸುರುಳಿ ಸುತ್ತಬೇಡಿ, ಅಂಚು ಮೇಲೇಳುತ್ತದೆ. ಎದ್ದಿದ್ದರೆ ಬಿಸಿಲಲ್ಲಿ ಅರ್ಧ ಗಂಟೆ ಇಟ್ಟು ಮೇಲೆ ಭಾರ ಹೇರಿ, ಪಿವಿಸಿ ಮೆತ್ತಗಾಗಿ ಸಪಾಟಾಗುತ್ತದೆ. ಆಟದ ಹಿಂದಿನ ದಿನ ಒಮ್ಮೆ ಮಗುಚಿ ಬಡಿಯಿರಿ.

ನನ್ನ ಲೆಕ್ಕ ಈಗ ಐದಕ್ಕೆ ನಾಲ್ಕು. ಕಾಫಿಯಲ್ಲಿ ತೇಲಿದ ನಾರಿಗೆ ಒಂದು ಕಳೆದಿದ್ದೇನೆ. ಹಾಲ್ ಗುಡಿಸುವುದು ನೀವಲ್ಲ, ಬೇರೆಯವರು ಅಂತಾದರೆ ಅವರನ್ನು ಕೇಳಿ ಕೊಳ್ಳಿ.

ಮೂರನೇ ಮ್ಯಾಟ್ ಈ ವರ್ಷ ಬಂದಿದೆ. ಬೆಲೆ 550 ಆಗಿದೆ, ನಾರು ಮೊದಲಿನದಕ್ಕಿಂತ ಒತ್ತಾಗಿದೆ, ಬಣ್ಣ ಅಪ್ಪಟ ಜೂನ್ ತಿಂಗಳ ರೈ. ಸದ್ಯ ಅದು ಬಾಗಿಲ ಮುಂದೆಯೇ ಇದೆ. ಮಗುಚಿ ನೋಡಿದೆ. ತಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಂಡತಿಯ ಅಕ್ಷರ: 'ಇದು ಕಾಲೊರಸಲು.'