454 ಬ್ಲಾಕಿನ ಎರಡು ಜನ್ಮ, ಪಕ್ಕದಲ್ಲೊಂದು 493: ರಸ್ತೆಗೆ ಯಾವ ಸ್ಟ್ರೋಕರ್?

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ‘ಎಂಜಿನ್ ಬೋರಿಗೆ ಬಂದಿದೆ’ ಎಂದರೆ ಸಿಲಿಂಡರು ಸವೆದಿದೆ, ಅದನ್ನು ಕೊರೆಸಿ ದೊಡ್ಡ ಪಿಸ್ಟನ್ ಕೂರಿಸಬೇಕು ಎಂದರ್ಥ. ದಾವಣಗೆರೆಯಲ್ಲಿ ತಂದೆಯವರ ಲೇತ್ ಅಂಗಡಿಯಲ್ಲಿ ಬೆಳೆದ ನನಗೆ ಆ ಕೆಲಸ ಹೊಸದಲ್ಲ. ಆದರೆ ಪಿಸ್ಟನ್ನಿನ ಅಗಲವನ್ನು ಮಾತ್ರವಲ್ಲ, ಅದು ಮೇಲೆ ಕೆಳಗೆ ಓಡಾಡುವ ದೂರವನ್ನೂ, ಅಂದರೆ ಸ್ಟ್ರೋಕನ್ನೂ, ಬೇರೆ ಕ್ರ್ಯಾಂಕ್ (ಪಿಸ್ಟನ್ನುಗಳ ಓಡಾಟವನ್ನು ತಿರುಗುವಿಕೆಯಾಗಿಸುವ ದಂಡ) ಹಾಕಿ ಹೆಚ್ಚಿಸಬಹುದು ಎಂಬುದನ್ನು ಕೈಯಾರೆ ಮಾಡಿ ನೋಡಿದ್ದು ಮಿಷಿಗನ್ನಿಗೆ ಬಂದು ನೆಲೆಸಿದ ಮೇಲೆ. ಹಾಗೆ ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ನನ್ನೇ ಇಲ್ಲಿ ಸ್ಟ್ರೋಕರ್ ಎನ್ನುತ್ತಾರೆ. ನನ್ನ 1970ರ ಷೆವೆಲ್ ಕಾರಿನಲ್ಲಿ ಒಂದೇ ಬ್ಲಾಕನ್ನು (ಸಿಲಿಂಡರುಗಳಿರುವ ಎಂಜಿನ್ನಿನ ಒಡಲು) ಮೊದಲು ಸಾಮಾನ್ಯ ರೀತಿಯಲ್ಲಿ, ಆಮೇಲೆ ಸ್ಟ್ರೋಕರ್ ಆಗಿ ಕಟ್ಟಿ ಓಡಿಸಿದ್ದೇನೆ. ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಟೂಲ್‌ಮೇಕರ್ ಒಬ್ಬರ 1969ರ ಡಾಡ್ಜ್ ಚಾರ್ಜರ್ ಕಾರಿನ ಎಂಜಿನ್ ಕಟ್ಟುವುದರಲ್ಲಿ ಕೈಜೋಡಿಸಿ, ಅದನ್ನೂ ಸಾಕಷ್ಟು ಓಡಿಸಿದ್ದೇನೆ. ಈ ಹೋಲಿಕೆ ಆ ಮೂರರದು.

ಈ ಎಂಜಿನ್ನುಗಳ ಹೆಸರಿನಲ್ಲಿರುವ ಅಂಕಿ ಎಂಟೂ ಸಿಲಿಂಡರುಗಳ ಒಟ್ಟು ಗಾತ್ರ, ಘನ ಅಂಗುಲಗಳಲ್ಲಿ. ಷೆವ್ರೊಲೆಯ 454 ಎಂಜಿನ್ನಿನ ಬೋರು (ಸಿಲಿಂಡರಿನ ಅಗಲ) 4.25 ಅಂಗುಲ, ಸ್ಟ್ರೋಕ್ 4 ಅಂಗುಲ. ಮೊದಲ ಸಲ ಬ್ಲಾಕನ್ನು 30 ಥೌ, ಅಂದರೆ ಅಂಗುಲದ ಸಾವಿರದಲ್ಲಿ 30 ಭಾಗ, ಕೊರೆಸಿ ಮೂಲ ಕ್ರ್ಯಾಂಕನ್ನೇ ಉಳಿಸಿಕೊಂಡಾಗ ಅದು 460 ಘನ ಅಂಗುಲವಾಯಿತು. ಏರ್ ಫಿಲ್ಟರಿನ ವಿಷಯದಲ್ಲಿ ನಾನು ತೋರಿದ ಉದಾಸೀನದಿಂದ ಎರಡೇ ಬೇಸಿಗೆಗಳಲ್ಲಿ ಒಂದು ಸಿಲಿಂಡರಿಗೆ ಗೀರು ಬಿದ್ದು, ಮತ್ತೆ ಕೊರೆಸಬೇಕಾಯಿತು. ಆಗ ಬೋರು ಒಟ್ಟು 60 ಥೌ ಹೆಚ್ಚಿ 4.31 ಅಂಗುಲವಾಯಿತು, 4.25 ಅಂಗುಲ ಸ್ಟ್ರೋಕಿನ ಕ್ರ್ಯಾಂಕೂ ಬಂತು, ಎಂಜಿನ್ 496 ಆಯಿತು. ಚಾರ್ಜರಿನದು ಮೂಲತಃ 440: ಬೋರು 4.32, ಸ್ಟ್ರೋಕ್ 3.75. ಅದನ್ನು 30 ಥೌ ಕೊರೆಸಿ 4.15ರ ಕ್ರ್ಯಾಂಕ್ ಹಾಕಿದ್ದರಿಂದ 493. ಫೋರ್ಡಿನ 460ನ್ನೂ ಹೀಗೆಯೇ 500 ದಾಟಿಸಬಹುದಾದರೂ, ಅದನ್ನು ಷೆವ್ರೊಲೆಯ ಗೇರ್‌ಬಾಕ್ಸಿಗೆ ಹೊಂದಿಸುವ ಉಸಾಬರಿಗೆ ನಾನು ಹೋಗಲಿಲ್ಲ.

ಎರಡನೆಯ ಸಲ ಸ್ಟ್ರೋಕರ್ ಕಡೆಗೆ ಮನಸ್ಸು ವಾಲಿದ್ದಕ್ಕೆ ಕಾರಣ ಸರಳ ಲೆಕ್ಕ. ಹೇಗಿದ್ದರೂ ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಕೊಳ್ಳಲೇಬೇಕು, ಬೋರು ಮಾಡಿಸಲೇಬೇಕು, ಬ್ಯಾಲೆನ್ಸ್ ಮಾಡಿಸಲೇಬೇಕು. ಹಳೆಯ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸುವ ಕೂಲಿಯನ್ನು ಕಳೆದರೆ ಉದ್ದ ಸ್ಟ್ರೋಕಿನ ಕ್ರ್ಯಾಂಕಿಗೆ ಹೆಚ್ಚುವರಿಯಾಗಿ ತೆರುವುದು ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಎಂಜಿನ್ ಚೆನ್ನಾಗಿ ಓಡುತ್ತಿರುವಾಗ ಸ್ಟ್ರೋಕರಿಗಾಗಿಯೇ ಅದನ್ನು ಬಿಚ್ಚುವವರಿಗೆ ಈ ಲೆಕ್ಕ ಹೊಂದದು.

ಆದರೆ ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಕಂಪ್ರೆಷನ್ನಿನ ಲೆಕ್ಕ, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬ ಅನುಪಾತ. ಎರಡೂ ಸಲ ಬಳಸಿದ್ದು ಅವೇ ಅಂಡಾಕಾರದ ಪೋರ್ಟುಗಳ ಹೆಡ್‌ಗಳು (ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ), ದಹನ ಕೋಣೆ 119 ಸಿಸಿ. ಇಷ್ಟು ದೊಡ್ಡ ಕೋಣೆಯ ಕೆಳಗೆ ಚಪ್ಪಟೆ ತಲೆಯ ಪಿಸ್ಟನ್ ಇಟ್ಟರೆ 460ರಲ್ಲಿ ಅನುಪಾತ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ. 10ರ ಹತ್ತಿರ ಒಯ್ಯಲು ಪಿಸ್ಟನ್ನಿನ ತಲೆಯ ಮೇಲೆ ಸುಮಾರು 27 ಸಿಸಿಯ ಉಬ್ಬು ಬೇಕಾಯಿತು. 496ರ ಪ್ರತಿ ಸಿಲಿಂಡರು ಸ್ಟ್ರೋಕಿಗೆ ಸುಮಾರು 1,016 ಸಿಸಿ ಒತ್ತುವುದರಿಂದ (460ರಲ್ಲಿ ಇದು 943) ಅದೇ ಅನುಪಾತಕ್ಕೆ 18 ಸಿಸಿಯ ಉಬ್ಬು ಸಾಕು. ಉಬ್ಬು ದೊಡ್ಡದಾದಷ್ಟೂ ಬೆಂಕಿಯ ಜ್ವಾಲೆ ಅದನ್ನು ಸುತ್ತಿ ಹೋಗಬೇಕು, ಆ ತಡದಿಂದಲೇ ನಾಕಿಂಗ್‌ಗೆ, ಅಂದರೆ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುವುದಕ್ಕೆ, ಅವಕಾಶ. 460ರಲ್ಲಿ 93 ಆಕ್ಟೇನಿನ ಪೆಟ್ರೋಲ್ ಹಾಕಿದರೂ ಬಿಸಿಲಿನ ದಿನ ಏರಿನಲ್ಲಿ ಕಟಕಟ ಸದ್ದು ಕೇಳಿಸುತ್ತಿತ್ತು, ಟೈಮಿಂಗ್ ಹಿಂದೆ ಸರಿಸಬೇಕಾಗುತ್ತಿತ್ತು; 496ರಲ್ಲಿ ಆ ತೊಂದರೆ ಒಮ್ಮೆಯೂ ಬರಲಿಲ್ಲ. (ಇಲ್ಲಿಯ 93 ಎರಡು ಬಗೆಯ ಅಳತೆಗಳ ಸರಾಸರಿ, ನಮ್ಮ ಬಂಕುಗಳ 91, 95ರ ಪಕ್ಕ ಅದನ್ನು ನೇರವಾಗಿ ಇಟ್ಟು ನೋಡಬಾರದು.)

ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಕೂಡ ಎರಡಕ್ಕೂ ಒಂದೇ. ಐಡಲಿಂಗ್‌ನಲ್ಲಿ ಕುಂಟುತ್ತ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಸಾಕಷ್ಟು ವ್ಯಾಕ್ಯೂಮ್ (ಹೀರುವ ಬಲ) ಕೊಡದೆ ಸಿಗ್ನಲ್ಲಿನಲ್ಲಿ ನನ್ನ ಕಾಲಿಗೆ ಕೆಲಸ ಕೊಡುತ್ತಿದ್ದ ಅದೇ ಕ್ಯಾಮ್, 36 ಘನ ಅಂಗುಲ ಹೆಚ್ಚಾದ ಎಂಜಿನ್ನಿಗೆ ಬಂದಾಗ ಒಂದು ಅಳತೆ ಚಿಕ್ಕದಾದಂತೆ ಸೌಮ್ಯವಾಯಿತು. ನನ್ನ ಗೇಜಿನಲ್ಲಿ ವ್ಯಾಕ್ಯೂಮ್ ಪಾದರಸದ 11 ಅಂಗುಲದಿಂದ 13ಕ್ಕೆ ಏರಿತು. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಎಷ್ಟು ಹೆಚ್ಚಿತೆಂದರೆ, 460 ಇದ್ದಾಗ ಅನಿವಾರ್ಯವೆನಿಸಿದ್ದ ಹಿಂಬದಿಯ ಆಕ್ಸಲಿನ 3.73ರ ಗೇರನ್ನು ತೆಗೆದು 3.31 ಹಾಕಿದ ಮೇಲೂ ಪಿಕಪ್ ಕುಂದಲಿಲ್ಲ, 70 ಮೈಲಿ ವೇಗದಲ್ಲಿ ಎಂಜಿನ್ ಮಾತ್ರ 3,250ರ ಬದಲು 2,900 ಆರ್‌ಪಿಎಂಗಿಂತ ಕೆಳಗೆ ತಿರುಗತೊಡಗಿತು. ಉದ್ದ ಸ್ಟ್ರೋಕಿನಲ್ಲಿ ಪಿಸ್ಟನ್ ವೇಗ ಹೆಚ್ಚಿ ಎಂಜಿನ್ ಬೇಗ ಸವೆಯುತ್ತದೆ ಎಂಬ ಆಕ್ಷೇಪವನ್ನು ಹಲವರಿಂದ ಕೇಳಿದ್ದೇನೆ. ಒಂದೇ ಆರ್‌ಪಿಎಂನಲ್ಲಿ ಹೋಲಿಸಿದರೆ ಅದು ನಿಜ. ಆದರೆ 460ನ್ನು ನಾನು 6,000ದವರೆಗೆ ಎಳೆಯುತ್ತಿದ್ದೆ, ಆಗ ಪಿಸ್ಟನ್ನಿನ ಸರಾಸರಿ ವೇಗ ನಿಮಿಷಕ್ಕೆ 4,000 ಅಡಿ. 496ನ್ನು 5,500ಕ್ಕೆ ಬಿಟ್ಟುಬಿಡುತ್ತೇನೆ, ಆಗ ಅದು 3,900ಕ್ಕೂ ತುಸು ಕಡಿಮೆ.

ಜೋಡಣೆಯಲ್ಲಿ ಮಾತ್ರ 496 ಕಾಟ ಕೊಟ್ಟಿತು. ರಾಡಿನ ಬೋಲ್ಟುಗಳು ತಗುಲುವ ಕಡೆ, ಸಿಲಿಂಡರಿನ ಕೆಳತುದಿಯಲ್ಲೂ ಆಯಿಲ್ ಪ್ಯಾನ್ ಕೂರುವ ಅಂಚಿನಲ್ಲೂ ಬ್ಲಾಕನ್ನು ತುಸು ಉಜ್ಜಿ ಜಾಗ ಬಿಡಿಸಬೇಕು, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ಎಂಟೂ ರಾಡುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಇದಕ್ಕೆ ನಾನು ಸಿದ್ಧನಿದ್ದೆ. ಸಿದ್ಧನಿಲ್ಲದಿದ್ದದ್ದು ಬ್ಯಾಲೆನ್ಸಿನ ವಿಷಯಕ್ಕೆ. ಕಾರ್ಖಾನೆಯ 454 ಕ್ರ್ಯಾಂಕಿನ ಸಮತೋಲದ ಒಂದು ಪಾಲು ಅದರ ಮುಂತುದಿಯ ಡ್ಯಾಂಪರಿನಲ್ಲೂ (ಅದುರು ತಗ್ಗಿಸುವ ಚಕ್ರ) ಹಿಂತುದಿಯ ಫ್ಲೆಕ್ಸ್‌ಪ್ಲೇಟಿನಲ್ಲೂ (ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆ) ಇರುವ ತೂಕದಿಂದ ಬರುತ್ತದೆ. ನಾನು ತಂದ ಹೊಸ ಕ್ರ್ಯಾಂಕು ತನ್ನೊಳಗೇ ಸಮತೋಲವಾದದ್ದು. ಡ್ಯಾಂಪರನ್ನು ಬದಲಿಸಿದ ನಾನು, ತೂಕದ ತುಂಡು ಬೆಸೆದಿದ್ದ ಹಳೆಯ ಫ್ಲೆಕ್ಸ್‌ಪ್ಲೇಟನ್ನೇ ತಿರುಗಿ ಬಿಗಿದೆ. 2,500 ದಾಟಿದೊಡನೆ ಇಡೀ ಕಾರು ಹಿಟ್ಟಿನ ಗಿರಣಿಯಂತೆ ಅದುರಿತು, ಮಾರನೆಯ ವಾರ ಗೇರ್‌ಬಾಕ್ಸ್ ಕೆಳಗಿಳಿಯಿತು.

ಚಾರ್ಜರಿನ 493ರಲ್ಲಿ ಲೆಕ್ಕ ತಿರುವುಮುರುವು. ಅದರ ಅಲ್ಯೂಮಿನಿಯಂ ಹೆಡ್‌ಗಳ ಕೋಣೆ 84 ಸಿಸಿ ಮಾತ್ರ ಇರುವುದರಿಂದ ಪಿಸ್ಟನ್ನಿಗೆ ಉಬ್ಬಿನ ಬದಲು ಸುಮಾರು 20 ಸಿಸಿಯ ತಗ್ಗು ಕೊಡಬೇಕಾಯಿತು, ಜ್ವಾಲೆಯ ಓಟಕ್ಕೆ ಇದು ಇನ್ನೂ ಅನುಕೂಲ. ಕ್ರ್ಯಾಂಕಿನ ಮಧ್ಯದಿಂದ ಬ್ಲಾಕಿನ ಮೇಲ್ಮೈಗೆ ಷೆವ್ರೊಲೆಯಲ್ಲಿ 9.8 ಅಂಗುಲವಾದರೆ ಇಲ್ಲಿ 10.725. ಆ ಎತ್ತರದಲ್ಲಿ 7.1 ಅಂಗುಲದ ರಾಡು ಸಲೀಸಾಗಿ ಹಿಡಿಯುತ್ತದೆ. ರಾಡಿನ ಉದ್ದಕ್ಕೂ ಸ್ಟ್ರೋಕಿಗೂ ಇರುವ ಅನುಪಾತ ಅಲ್ಲಿ 1.71, ನನ್ನ 6.385 ಅಂಗುಲದ ರಾಡಿನಲ್ಲಿ 1.5, ಪಿಸ್ಟನ್ ಸಿಲಿಂಡರಿನ ಗೋಡೆಗೆ ಕೊಡುವ ಅಡ್ಡ ಒತ್ತಡ ಅಷ್ಟರಮಟ್ಟಿಗೆ ಕಡಿಮೆ. ಓಡಿಸುವಾಗ ಇದು ಗೊತ್ತಾಗುತ್ತದೆಯೇ ಎಂದರೆ, ನನಗಂತೂ ಗೊತ್ತಾಗಲಿಲ್ಲ. ಗೊತ್ತಾದದ್ದು ದುರಸ್ತಿಯ ಸುಖ: ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಲ್ಲಿದೆ, ಆಯಿಲ್ ಪಂಪು ಹೊರಗಿದೆ. ನನ್ನದರಲ್ಲಿ ಡಿಸ್ಟ್ರಿಬ್ಯೂಟರ್ ಮುಟ್ಟಲು ಫೆಂಡರಿನ ಮೇಲೆ ಬೋರಲು ಬೀಳಬೇಕು. ಆದರೆ ಆಯಿಲ್ ಹೀರುವ ಕೊಳವೆಯನ್ನು ಮೂಲದ 3/8 ಅಂಗುಲದಿಂದ 1/2 ಅಂಗುಲಕ್ಕೆ ಹಿಗ್ಗಿಸುವವರೆಗೆ ಚಾರ್ಜರಿನ ಒಡೆಯರು ಎಂಜಿನ್ನನ್ನು ಜೋರಾಗಿ ತಿರುಗಿಸಲು ಬಿಡಲಿಲ್ಲ, ಅದು ಸರಿಯೇ.

ರಸ್ತೆಯ ಎಂಜಿನ್ನಿಗೆ ನಿಜವಾದ ಪರೀಕ್ಷೆ ಆಗಸ್ಟ್ ತಿಂಗಳ ಮೂರನೆಯ ಶನಿವಾರ. 1995ರಿಂದ ನಡೆದುಬಂದಿರುವ ವುಡ್‌ವರ್ಡ್ ಡ್ರೀಮ್ ಕ್ರೂಸ್ ದಿನ ಡೆಟ್ರಾಯಿಟಿನ ಉತ್ತರಕ್ಕೆ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳು ಜಾತ್ರೆಯ ತೇರಿನಂತೆ ತೆವಳುತ್ತವೆ. ಒಂದೇ ರೇಡಿಯೇಟರಿನಲ್ಲಿ 460 ಅಲ್ಲಿ 205 ಡಿಗ್ರಿ ಫ್ಯಾರನ್‌ಹೀಟ್ ದಾಟಿರಲಿಲ್ಲ. 496 ಮೊದಲ ವರ್ಷ 220 ಮುಟ್ಟಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿತು. ಇದರಲ್ಲಿ ದೊಡ್ಡ ಎಂಜಿನ್ನಿನ ಪಾಲು ಎಷ್ಟು, 60 ಥೌ ಕೊರೆದು ತೆಳುವಾದ ಗೋಡೆಗಳ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ, ಆದರೂ ಬ್ಲಾಕು 30 ಥೌನಲ್ಲೇ ಶುದ್ಧವಾಗುವುದಾದರೆ ಅಲ್ಲೇ ನಿಲ್ಲಿಸಿ, ಅದೇ ಕ್ರ್ಯಾಂಕಿನಿಂದ 489 ಕಟ್ಟುವುದೇ ಮೇಲು ಎನ್ನುತ್ತೇನೆ. ಕಳೆದುಕೊಳ್ಳುವುದು ಏಳೇ ಘನ ಅಂಗುಲ, ಉಳಿಯುವುದು ಮುಂದೊಮ್ಮೆ ಕೊರೆಸುವ ಅವಕಾಶ.

ಮೈಲೇಜಿನ ಮಾತು ಬಂದರೆ 460 ಗ್ಯಾಲನ್ನಿಗೆ 9 ಮೈಲಿ ಕೊಡುತ್ತಿತ್ತು, 496 ಹೆದ್ದಾರಿಯಲ್ಲಿ 11 ಕೊಡುತ್ತದೆ. ಊರಿನ ಭಾವ ಫೋನಿನಲ್ಲಿ ಲೀಟರಿಗೆ ಎಷ್ಟು ಎಂದು ಕೇಳಿದಾಗ ನಾಲ್ಕೂಮುಕ್ಕಾಲು ಕಿಲೋಮೀಟರಿಗೆ ತುಸು ಕಡಿಮೆ ಎಂದೆ. “ಲೋಡ್ ಎಷ್ಟು ಹಾಕ್ತೀರಿ?” ಎಂದರು.

ಸದ್ಯಕ್ಕೆ ದೊಡ್ಡ ರೇಡಿಯೇಟರಿನೊಂದಿಗೆ 496 ಷೆವೆಲ್‌ನಲ್ಲೇ ಉಳಿದಿದೆ. ಈ ಚಳಿಗಾಲದಲ್ಲಿ ಅದಕ್ಕೆ ಇನ್ನೂ ಒಂದು ಅಳತೆ ಚಿಕ್ಕ ಕ್ಯಾಮ್ ಹಾಕುವವನಿದ್ದೇನೆ. ತೆಗೆದದ್ದನ್ನು ಚಾರ್ಜರಿಗೆ ಕೇಳಬೇಡಿ, ಅದು ಅಲ್ಲಿಗೆ ಹೊಂದುವುದಿಲ್ಲ ಎಂದು ನೆರೆಯವರಿಗೆ ಈಗಾಗಲೇ ಹೇಳಿದ್ದೇನೆ.