ಮೂರು ಹಳೇ ಮೋಟಾರು, ಒಂದೇ ಹಳಿ

ಟ್ರೈಯಾಂಗ್ ಜಿಂಟಿಗೆ ಕೊಟ್ಟದ್ದು 12 ಪೌಂಡು. ಲೀಮಾ ಡೆಲ್ಟಿಕ್‌ಗೆ 18. ಹಾರ್ನ್‌ಬಿ ಈವ್ನಿಂಗ್ ಸ್ಟಾರ್‌ಗೆ 35. ಮೂರೂ ಹಳೇ ಮಾಡೆಲ್ ರೈಲು ಎಂಜಿನ್ನುಗಳು, ಸಿಕ್ಕಿದ್ದು ಇಂಗ್ಲೆಂಡಿನ ಹಳೇ ಆಟಿಕೆಗಳ ಸಂತೆಗಳಲ್ಲಿ. ಮಾರಿದ ಮೂವರೂ ಹೇಳಿದ್ದು ಒಂದೇ ಮಾತು: "ಓಡುತ್ತೆ, ಸ್ವಲ್ಪ ಎಣ್ಣೆ ಬೇಕು ಅಷ್ಟೆ." ನಮ್ಮೂರಲ್ಲಿ ಹಳೇ ಸ್ಕೂಟರ್ ಮಾರುವವರೂ ಇದನ್ನೇ ಹೇಳುತ್ತಾರೆ, ಅಲ್ವಾ?

ನಾನು ಅರಸೀಕೆರೆಯವನು. ಜಂಕ್ಷನ್ ಊರಲ್ಲಿ ಹುಟ್ಟಿದವನಿಗೆ ರೈಲಿನ ಹುಚ್ಚು ಹಿಡಿಯುವುದು ದೊಡ್ಡ ವಿಷಯವೇನಲ್ಲ. ಕೆಲಸಕ್ಕೆಂದು ಯಾರ್ಕ್‌ಗೆ ಬಂದ ಮೇಲೆ ಆ ಹುಚ್ಚು ಅಟ್ಟ ಹತ್ತಿತು. ಅಲ್ಲಿ ಓಓ ಅಳತೆಯ ಒಂದು ಸುತ್ತು ಹಳಿ ಹಾಕಿದ್ದೇನೆ. ಎಂಜಿನ್, ಡಬ್ಬಿ ಎಲ್ಲ ನಿಜದ ರೈಲಿನ 76ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್. ಹೋದ ಚಳಿಗಾಲ ಈ ಮೂರನ್ನೂ ಅದೇ ಹಳಿ, ಅದೇ 12 ವೋಲ್ಟ್ ಕಂಟ್ರೋಲರ್, ಅದೇ ಆರು ಡಬ್ಬಿಗಳ ಜೊತೆ ಓಡಿಸಿದೆ. ನಡುವೆ ಕರೆಂಟು ಅಳೆಯಲು ಒಂದು ಆಮ್‌ಮೀಟರ್, ಕೈಯಲ್ಲಿ ಸ್ಟಾಪ್‌ವಾಚ್. ಹಳೇ ಎಂಜಿನ್ ಮೊಂಡು ಹಿಡಿದರೆ ನಾವೆಲ್ಲ ಬೈಯುವುದು ಮೋಟಾರನ್ನೇ. ಆ ಬೈಗುಳ ಎಷ್ಟು ನ್ಯಾಯ ಅಂತ ನೋಡಬೇಕಿತ್ತು.

ಜಿಂಟಿಯಿಂದ, ಅಂದರೆ ಪುಟ್ಟ ಉಗಿ ಎಂಜಿನ್ನಿನ ಮಾದರಿಯಿಂದ, ಶುರು ಮಾಡುತ್ತೇನೆ. ಇದರಲ್ಲಿರುವುದು ಎಕ್ಸ್‌04 ಮೋಟಾರು. ಟ್ರೈಯಾಂಗ್ ಹೆಸರಿನ ಆಟಿಕೆ ಮಾಡುತ್ತಿದ್ದ ಲೈನ್ಸ್ ಬ್ರದರ್ಸ್ ಕಂಪನಿ 1951ರಲ್ಲಿ ರೊವೆಕ್ಸ್ ಎಂಬ ಆಟಿಕೆ ಕಂಪನಿಯನ್ನು ಕೊಂಡು ಮಾಡೆಲ್ ರೈಲಿಗೆ ಇಳಿಯಿತು. ಆಮೇಲೆ ಮಾರ್ಗೇಟ್ ಕಾರ್ಖಾನೆಯಿಂದ ಈ ಮೋಟಾರು ಲೆಕ್ಕವಿಲ್ಲದಷ್ಟು ಎಂಜಿನ್‌ಗಳೊಳಗೆ ಕೂತು ಹೊರಬಂತು. ನೋಡಿದರೆ ಅರ್ಥವಾಗಿಬಿಡುತ್ತದೆ, ಅದೇ ಇದರ ಚೆಂದ. ಮುಚ್ಚಳ ಇಲ್ಲ, ಗುಟ್ಟು ಇಲ್ಲ. ಹಿಂದೆ ಒಂದು ಮ್ಯಾಗ್ನೆಟ್ ಗಟ್ಟಿ, ನಡುವೆ ತಿರುಗುವ ಮೂರು ಸುರುಳಿಯ ಆರ್ಮೇಚರ್, ಅದರ ಸುರುಳಿಗಳಿಗೆ ಕರೆಂಟು ಹಂಚುವ ಲೋಹದ ಕಮ್ಯುಟೇಟರ್, ಅದಕ್ಕೆ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ಬ್ರಷ್. ಎರಡನ್ನೂ ಕಮ್ಯುಟೇಟರ್‌ಗೆ ಒತ್ತಿ ಹಿಡಿಯಲು ಒಂದೇ ಸ್ಪ್ರಿಂಗ್, ಎರಡು ಕಾಲಿನದು. ಆ ಸ್ಪ್ರಿಂಗಿನ ಒಂದು ಕಾಲಿಗೆ ಮಾತ್ರ ಪುಟ್ಟ ಕೊಳವೆ ತೊಡಿಸಿರುತ್ತಾರೆ. ಒಂದು ಬ್ರಷ್ಷಿಗೆ ಕರೆಂಟು ಲೋಹದ ಚೌಕಟ್ಟಿನಿಂದಲೇ ಬರುತ್ತದೆ, ಇನ್ನೊಂದು ಅದಕ್ಕೆ ತಾಗಬಾರದು. ಕೊಳವೆ ಉದುರಿದರೆ ಶಾರ್ಟ್. "ಮೋಟಾರು ಸತ್ತಿದೆ" ಎಂದು ಅಗ್ಗಕ್ಕೆ ಮಾರುವ ಎಂಜಿನ್ ಕೊಳ್ಳುವ ಮುಂಚೆ ಈ ಕೊಳವೆ ಇದೆಯಾ ಅಂತ ಬಗ್ಗಿ ನೋಡಿ. ತಂತಿಯ ಸಿಪ್ಪೆ ಒಂದು ಚೂರು ಸಿಕ್ಕರೆ ಸಾಕು, ಸತ್ತದ್ದು ಎದ್ದು ಕೂರುತ್ತದೆ.

ನನ್ನ ಜಿಂಟಿಗೆ ಕೊಳವೆ ಇತ್ತು. ಮೊದಲ ದಿನ ಸುಮಾರು ಅರ್ಧ ಆಂಪಿಯರ್ ತಿನ್ನುತ್ತಾ ಗೊಣಗಿಕೊಂಡು ಓಡಿತು. ಹಾಗೇ ಬಿಡಬೇಕಿತ್ತು. ಚೆನ್ನಾಗಿ ತೊಳೆಯೋಣ ಅಂತ ಬೋಲ್ಟ್ ಬಿಚ್ಚಿ ಮ್ಯಾಗ್ನೆಟ್ಟನ್ನೇ ಹೊರಗೆಳೆದೆ. ಇಂಥ ಹಳೇ ಆಲ್ನಿಕೊ (ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ) ಮ್ಯಾಗ್ನೆಟ್ಟನ್ನು ಕಬ್ಬಿಣದ ಚೌಕಟ್ಟಿನಿಂದ ಬರಿದಾಗಿ ಎಳೆದರೆ ಅದರ ಬಲ ಇಳಿದುಹೋಗುತ್ತದೆ. ತೆಗೆಯಲೇಬೇಕಾದರೆ ಎರಡು ತುದಿಗೂ ಸೇರುವಂತೆ ಒಂದು ಕಬ್ಬಿಣದ ತುಂಡು ಅಂಟಿಸಿಕೊಂಡೇ ತೆಗೆಯಬೇಕು. ಇದು ಗೊತ್ತಿತ್ತು, ಮರೆತಿದ್ದೆ. ವಾಪಸ್ ಜೋಡಿಸಿದಾಗ ಮೀಟರ್ 0.9 ತೋರಿಸಿತು. ಎಂಜಿನ್ ಹುಚ್ಚಾಪಟ್ಟೆ ಓಡಿತು, ಎರಡು ಡಬ್ಬಿ ಕಟ್ಟಿದರೆ ತಿಣುಕಿತು, ಹತ್ತು ನಿಮಿಷಕ್ಕೆ ಮುಟ್ಟಲಾಗದಷ್ಟು ಬಿಸಿಯಾಯಿತು.

ಜಾಸ್ತಿ ವೇಗ ಕಂಡು ಖುಷಿಪಡಬೇಡಿ. ಮ್ಯಾಗ್ನೆಟ್ ಸೊರಗಿದಷ್ಟೂ ಮೋಟಾರು ಖಾಲಿ ಓಡುವಾಗ ಜೋರಾಗುತ್ತದೆ, ಎಳೆಯುವ ಶಕ್ತಿಗೆ ಕರೆಂಟು ಜಾಸ್ತಿ ಕೇಳುತ್ತದೆ. ಆ ಕರೆಂಟೇ ಬಿಸಿಯಾಗಿ ಹೋಗುವುದು. ಇಲ್ಲಿನ ಕ್ಲಬ್ಬಿನ ಹಿರಿಯರೊಬ್ಬರ ಬಳಿ ಮ್ಯಾಗ್ನೆಟ್‌ಗೆ ಮತ್ತೆ ಬಲ ತುಂಬುವ ಪೆಟ್ಟಿಗೆ ಇತ್ತು. ಮೋಟಾರನ್ನು ಬಿಚ್ಚದೆ ಹಾಗೇ ಒಳಗಿಟ್ಟು ಗುಂಡಿ ಒತ್ತಿದರು. 'ಟಕ್' ಅಂತು, ಅಷ್ಟೆ. ಮನೆಗೆ ಬಂದು ನೋಡಿದರೆ 0.35. ಒಂದು ಮೀಟರ್ ದೂರವನ್ನು ಅತಿ ನಿಧಾನವಾಗಿ ದಾಟಲು 19 ಸೆಕೆಂಡು. ನಾಲ್ಕು ಡಬ್ಬಿ ಆರಾಮಾಗಿ ಎಳೆದಳು (ಹೌದು, ಈಗ ಅದು 'ಅವಳು'), ಐದನೆಯದಕ್ಕೆ ತಿರುವಿನಲ್ಲಿ ಚಕ್ರ ಜಾರಿತು. ಅದು ಮೋಟಾರಿನ ತಪ್ಪಲ್ಲ, ಪ್ಲಾಸ್ಟಿಕ್ ಮೈಗೆ ತೂಕ ಸಾಲದು.

ಇನ್ನೊಂದು ಎಕ್ಸ್‌04ಗೆ ನಿಯೋಡೈಮಿಯಂ ಮ್ಯಾಗ್ನೆಟ್ಟನ್ನೂ ಹಾಕಿ ನೋಡಿದೆ. ಕರೆಂಟು ಇನ್ನೂ ಇಳಿಯಿತು. ಆದರೆ ನಿಧಾನಕ್ಕೆ ಓಡಿಸಿದರೆ ತೆವಳುವ ಬದಲು ಕುಪ್ಪಳಿಸತೊಡಗಿತು. ಮೂರೇ ಧ್ರುವದ ಆರ್ಮೇಚರ್, ಅಷ್ಟು ಬಲದ ಮ್ಯಾಗ್ನೆಟ್ ಅದನ್ನು ಒಂದೊಂದು ಧ್ರುವಕ್ಕೂ ಹಿಡಿದು ನಿಲ್ಲಿಸಿ ಬಿಡುತ್ತದೆ. ವಾಪಸ್ ತೆಗೆದೆ.

ಈವ್ನಿಂಗ್ ಸ್ಟಾರ್‌ನದು ಬೇರೆ ಕಥೆ. ನಿಜದ ಈವ್ನಿಂಗ್ ಸ್ಟಾರ್, ನಂಬರ್ 92220, 1960ರಲ್ಲಿ ಸ್ವಿಂಡನ್‌ನಲ್ಲಿ ತಯಾರಾಯಿತು. ಬ್ರಿಟಿಷ್ ರೈಲ್ವೇಸ್ ಕಟ್ಟಿದ ಕೊನೆಯ ಉಗಿ ಎಂಜಿನ್ ಅದು, ಈಗ ಇಲ್ಲಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ ಸೇರಿದ್ದು. ಹಾರ್ನ್‌ಬಿಯ ಮಾದರಿಯಲ್ಲಿ ಮೋಟಾರು ಎಂಜಿನ್ನಿನಲ್ಲೇ ಇಲ್ಲ, ಹಿಂದಿನ ಕಲ್ಲಿದ್ದಲು ಗಾಡಿಯಲ್ಲಿದೆ. ಅಂದರೆ ಟೆಂಡರ್ ತಳ್ಳುತ್ತದೆ, ಅಷ್ಟು ದೊಡ್ಡ ಎಂಜಿನ್ ಸುಮ್ನೆ ಮುಂದೆ ಹೋಗುತ್ತದೆ. ಎತ್ತಿನ ಮುಂದೆ ಗಾಡಿ ಕಟ್ಟಿದ ಹಾಗೆ. ಮೋಟಾರು ರಿಂಗ್‌ಫೀಲ್ಡ್ ಜಾತಿ, ಆರ್ಮೇಚರ್ ಸುತ್ತ ಮ್ಯಾಗ್ನೆಟ್. ಕಮ್ಯುಟೇಟರ್ ದುಂಡಗಿಲ್ಲ, ನಾಣ್ಯದಂತೆ ಚಪ್ಪಟೆ. ಅದರ ಮೂರು ಸೀಳುಗಳಲ್ಲಿ ಕಾರ್ಬನ್ ಪುಡಿ ತುಂಬಿಕೊಳ್ಳುತ್ತದೆ. ಹಲ್ಲುಕಡ್ಡಿಯಿಂದ ಕೆರೆದು ತೆಗೆಯಬೇಕು, ಸೂಜಿ ಬೇಡ.

ಮೊದಲು ಇದು ಹತ್ತು ಅಡಿಗೊಮ್ಮೆ ನಿಲ್ಲುತ್ತಿತ್ತು. ಮೋಟಾರನ್ನು ಎರಡು ಸಲ ಬಿಚ್ಚಿ ಜೋಡಿಸಿದೆ, ಹೊಸ ಬ್ರಷ್ ಹಾಕಿದೆ. ಊಹೂಂ. ಕೊನೆಗೆ ತಪ್ಪು ಸಿಕ್ಕಿದ್ದು ಎಂಜಿನ್ನಿಗೂ ಟೆಂಡರಿಗೂ ಮಧ್ಯದ ಕೊಂಡಿಯಲ್ಲಿ. ಒಂದು ಹಳಿಯ ಕರೆಂಟು ಎಂಜಿನ್ ಚಕ್ರದಿಂದ ಆ ಕೊಂಡಿಯ ಮೂಲಕವೇ ಹಿಂದಕ್ಕೆ ಬರಬೇಕು, ಅದು ಕಪ್ಪಾಗಿ ಕೂತಿತ್ತು. ಕೊಂಡಿ ಉಜ್ಜಿ, ಜೊತೆಗೊಂದು ತೆಳು ತಂತಿ ಬೆಸೆದೆ. ಆಮೇಲೆ ಆರು ಡಬ್ಬಿ, 0.3 ಆಂಪಿಯರ್, ಅದೇ ಒಂದು ಮೀಟರಿಗೆ 26 ಸೆಕೆಂಡು. ಮೂರರಲ್ಲಿ ಇದೇ ನಯ. ಜಿಂಟಿಯದು ಸ್ಕ್ರೂವಿನಂಥ ವರ್ಮ್ ಗಿಯರ್, ಚಕ್ರದ ಕಡೆಯಿಂದ ಮೋಟಾರನ್ನು ತಿರುಗಿಸಲು ಬಿಡುವುದಿಲ್ಲ, ಹಳಿಯಲ್ಲಿ ಒಂದು ಕೊಳೆ ಚುಕ್ಕೆ ಬಂದರೆ ಗಕ್ಕನೆ ನಿಂತುಬಿಡುತ್ತದೆ. ರಿಂಗ್‌ಫೀಲ್ಡ್‌ನದು ಸಾದಾ ಹಲ್ಲಿನ ಗಿಯರು, ಓಡುವ ಭರಕ್ಕೆ ಚುಕ್ಕೆ ದಾಟಿಬಿಡುತ್ತದೆ. ಟೆಂಡರ್ ಚಕ್ರದ ರಬ್ಬರ್ ಬಳೆಗಳು ಕಲ್ಲಾಗಿದ್ದವು, ಬದಲಿಸಿದೆ. ಸದ್ದು ಮಾತ್ರ ಕಾಫಿಪುಡಿ ಮಿಲ್ಲಿನದು.

ಆದರೆ ಮಿಲ್ಲು ಅಂದರೆ ಲೀಮಾ! ಈ ಇಟಲಿ ಕಂಪನಿಯ ಚಪ್ಪಟೆ ಮೋಟಾರಿಗೆ 'ಪ್ಯಾನ್‌ಕೇಕ್' ಅನ್ನುತ್ತಾರೆ, ನಾನು ದೋಸೆ ಅನ್ನುತ್ತೇನೆ. ನಿಜದ ಡೆಲ್ಟಿಕ್ ಡೀಸೆಲ್ ಎಂಜಿನ್ನುಗಳು ಒಟ್ಟು 22 ಇದ್ದವು, ತಲಾ 3,300 ಅಶ್ವಶಕ್ತಿ. ಲಂಡನ್ನಿನಿಂದ ಎಡಿನ್‌ಬರಾಗೆ ಇದೇ ಯಾರ್ಕ್ ಮೂಲಕ ಓಡಿದವು. ಅಷ್ಟು ಹೆಸರಿನ ಎಂಜಿನ್ ನನ್ನ ಅಟ್ಟದಲ್ಲಿ ಮಿಕ್ಸಿಯ ಹಾಗೆ ಕಿರುಚುತ್ತಿತ್ತು, ಎಲ್ಲೆಲ್ಲೋ ತಡವರಿಸುತ್ತಿತ್ತು. 11 ಸೆಕೆಂಡಿಗಿಂತ ನಿಧಾನ ಮಾಡಿದರೆ ನಿಂತೇಹೋಗುತ್ತಿತ್ತು.

ನಾವು ಬೋಗಿ ಅಂದರೆ ಇಡೀ ಡಬ್ಬಿ ಅಂದುಕೊಳ್ಳುತ್ತೇವೆ. ಅಸಲಿಗೆ ಬೋಗಿ ಎಂದರೆ ಅಡಿಯಲ್ಲಿ ತಿರುಗುವ ಚಕ್ರಗಳ ಚೌಕಟ್ಟು. ಲೀಮಾದಲ್ಲಿ ಮೋಟಾರಿರುವ ಬೋಗಿ ಒಂದು ಹಳಿಯಿಂದ, ಇನ್ನೊಂದು ಬೋಗಿ ಇನ್ನೊಂದು ಹಳಿಯಿಂದ ಮಾತ್ರ ಕರೆಂಟು ಎತ್ತುತ್ತದೆ. ರಬ್ಬರ್ ಬಳೆ ತೊಟ್ಟ ಚಕ್ರಗಳಿಂದ ಏನೂ ಬರುವುದಿಲ್ಲ. ಒಂದೆರಡು ಚಕ್ರಕ್ಕೆ ಕೊಳೆ ಹತ್ತಿದರೂ ಆಟ ಮುಗಿಯಿತು. ತೆಳು ಕಂಚಿನ ತಂತಿ ಬಗ್ಗಿಸಿ ಹಿಂದಿನ ಬೋಗಿಯ ಉಳಿದ ಚಕ್ರಗಳಿಗೂ ತಾಗಿಸಿದೆ. ಒಂದು ಸಂಜೆಯ ಕೆಲಸ. 11 ಹೋಗಿ 17 ಸೆಕೆಂಡು ಆಯಿತು, ತಡವರಿಕೆ ನಿಂತಿತು. ಮೋಟಾರನ್ನು ಮುಟ್ಟಿಯೇ ಇರಲಿಲ್ಲ!

ಕಿರುಚಾಟಕ್ಕೆ ಮದ್ದು ಸಿಗಲಿಲ್ಲ. ಹಲವರು ದೋಸೆ ತೆಗೆದು ಅದೇ ಜಾಗಕ್ಕೆ ಹಳೇ ಸಿಡಿ ಪ್ಲೇಯರ್‌ನ ಮೋಟಾರು ಕೂರಿಸುತ್ತಾರೆ. ನಾನೂ ಕೂರಿಸಿದೆ. ಅದು 12 ವೋಲ್ಟಿನ ಮೋಟಾರಲ್ಲ, ಹಾಗಾಗಿ ಸಾಲಾಗಿ ಡಯೋಡ್ ಹಾಕಿ ವೋಲ್ಟೇಜ್ ಇಳಿಸಬೇಕಾಯಿತು. ಬೆಣ್ಣೆಯಂಥ ಓಟ, ಸದ್ದೇ ಇಲ್ಲ. ಎರಡು ವಾರ ಓಡಿಸಿ ಬೇಜಾರಾಗಿ ಹಳೆಯದನ್ನೇ ಮತ್ತೆ ಹಾಕಿದೆ. ಅಷ್ಟು ಸದ್ದಿಲ್ಲದ ಓಟ ಬೇಕಿದ್ದರೆ ಹೊಸ ಎಂಜಿನ್ನೇ ಕೊಳ್ಳಬಹುದಿತ್ತಲ್ಲ.

ಇನ್ನೊಂದು ಹಳೇ ಮಾಡೆಲ್ ಸರಣಿ ಹಾರ್ನ್‌ಬಿ ಡಬ್ಲೊ ಯಾಕಿಲ್ಲ ಅಂತ ಕೇಳುವವರಿದ್ದಾರೆ. ನನ್ನ ಹತ್ತಿರ ಇರುವುದು ಮೂರು ಹಳಿಯ ಕಾಲದ್ದು, ಚಕ್ರಗಳಿಗೆ ಇನ್ಸುಲೇಷನ್ ಇಲ್ಲ. ಈಗಿನ ಎರಡು ಹಳಿಯ ಮೇಲಿಟ್ಟರೆ ನೇರ ಶಾರ್ಟ್. ಕಪಾಟಿನಲ್ಲಿ ಕೂತಿದೆ.

ಉದ್ದ ರೈಲು ಓಡಿಸುವ ಆಸೆಯಿದ್ದರೆ ರಿಂಗ್‌ಫೀಲ್ಡ್ ಕೊಳ್ಳಿ, ಕೊಂಡಿಗೊಂದು ತಂತಿ ಹಾಕಿ. ಲೀಮಾ ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ. ನಾನು ಮತ್ತೆ ದುಡ್ಡು ಕೊಡುವುದಾದರೆ ಎಕ್ಸ್‌04ಗೇ. ಅಂಕಿಗಳಲ್ಲಿ ಅದು ಎರಡನೆಯದು, ಗೊತ್ತು. ಆದರೆ ಅಡುಗೆಮನೆ ಮೇಜಿನ ಮೇಲೆ ಒಂದು ಸ್ಕ್ರೂಡ್ರೈವರ್‌ನಲ್ಲಿ ಪೂರ್ತಿ ರಿಪೇರಿಯಾಗುವುದು ಅದೊಂದೇ. ಬೇರಿಂಗ್ ಪಕ್ಕದ ಬಟ್ಟೆ ಪ್ಯಾಡಿಗೆ ಎರಡು ಹನಿ ಎಣ್ಣೆ ಬಿಟ್ಟು ಐದು ನಿಮಿಷ ಓಡಿಸಿದರೆ ಅಮ್ಮನ ಹೊಲಿಗೆ ಮಷೀನಿನ ವಾಸನೆ ಬರುತ್ತದೆ. ಎಣ್ಣೆಯೂ ಅದೇ ತಾನೇ. ಕೆಳಗಿನಿಂದ ಹೆಂಡತಿ, "ಏನೋ ಸುಡ್ತಾ ಇದೆ ನೋಡ್ರೀ" ಅಂತ ಕೂಗುತ್ತಾಳೆ. ಮೀಟರ್ ನೋಡುತ್ತೇನೆ. 0.35ರಲ್ಲೇ ಇರುತ್ತದೆ.