ಮೊಲದ ಬಲೆ ಅಂತ ಮೀನಿನ ಬಲೆ ಕೊಡುತ್ತಿದ್ದಾರೆ, ಬಿಚ್ಚಿ ನೋಡಿ ತಗೊಳ್ಳಿ

ಇಂಗ್ಲೆಂಡಿನ ಹಳ್ಳಿ ಕಡೆ ಇರುವ ಕನ್ನಡದವರಿಗೆ, ಅದರಲ್ಲೂ ಸ್ವಲ್ಪ ಜಮೀನು ಹಿಡಿದು ತರಕಾರಿ ಬೆಳೆಯುವವರಿಗೆ ಈ ಮಾತು. ಆನ್‌ಲೈನಿನಲ್ಲಿ ‘ಕೈಯಲ್ಲಿ ಹೆಣೆದ ಪರ್ಸ್ ನೆಟ್, ಹತ್ತರ ಕಟ್ಟು’ ಅಂತ ಅಗ್ಗಕ್ಕೆ ಸಿಗುತ್ತಿದೆ. ಪರ್ಸ್ ನೆಟ್ ಅಂದರೆ ಮೊಲ ಹಿಡಿಯಲು ಬಿಲದ ಬಾಯಿಗೆ ಹಾಸುವ ಚೀಲದಂಥ ಬಲೆ. ನಮಗೆ ಬಂದ ಕಟ್ಟಿನಲ್ಲಿ ಮೇಲಿನ ಮೂರು ಮಾತ್ರ ಮೊಲದ ಬಲೆ. ಉಳಿದ ಏಳು, ಹಳೆಯ ಮೀನಿನ ಬಲೆಯನ್ನು ಕತ್ತರಿಸಿ ಎರಡು ತುದಿಗೆ ರಿಂಗು ಸಿಕ್ಕಿಸಿದ ಮಾಲು.

ಊರಲ್ಲಿ ಕೂತು ಓದುತ್ತಿರುವವರು ಅಲ್ಲಿ ಬಲೆ ಹಾಕಿ ಮೊಲ ಹಿಡಿಯಲು ಹೋಗಬೇಡಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಮೊಲ ಹಿಡಿಯುವುದು ಅಪರಾಧ, ಹಿಡಿಯುವ ಪ್ರಯತ್ನವೂ ಅಪರಾಧ. ಅಲ್ಲದೆ ನಮ್ಮ ಕಡೆಯ ಮೊಲ ಬಿಲ ತೋಡುವುದೇ ಇಲ್ಲ, ಪೊದೆಯ ಬುಡದಲ್ಲಿ ಮೈ ಅಡಗಿಸಿ ಕೂರುತ್ತದೆ. ಇಲ್ಲಿಯದು ಬೇರೆ ಜಾತಿ. ಗುಂಪಾಗಿ ನೆಲದಡಿ ಬಿಲ ತೋಡಿಕೊಂಡು ಇರುತ್ತದೆ, ರಾತ್ರಿ ಎದ್ದು ಬಂದು ಎಲೆಕೋಸು, ಬಾರ್ಲಿ ಪೈರು ಎಲ್ಲ ಮೇಯುತ್ತದೆ. ಇಲ್ಲಿ ಕಾನೂನೂ ತಿರುಗಾಮುರುಗಾ. 1954ರ ಪೆಸ್ಟ್ಸ್ ಆಕ್ಟ್ ಪ್ರಕಾರ ಜಮೀನಿನಲ್ಲಿ ಮೊಲದ ಹಾವಳಿ ತಡೆಯುವುದು ಜಮೀನು ಇಟ್ಟುಕೊಂಡವರದೇ ಹೊಣೆ.

ಹಾಗಾಗಿ ಚಳಿಗಾಲದಲ್ಲಿ, ಗಿಡಗಂಟಿ ಒಣಗಿ ಬಿಲದ ಬಾಯಿಗಳು ಕಾಣುವಾಗ, ಫೆರೆಟ್ ಬಿಟ್ಟು ಮೊಲ ಹಿಡಿಯುತ್ತಾರೆ. ಫೆರೆಟ್ ಅಂದರೆ ಸಾಕಿದ ಪ್ರಾಣಿ, ನೋಡಲು ಮುಂಗುಸಿ ಥರ ಉದ್ದ ಮೈ. ಎಲ್ಲ ಬಾಯಿಗೂ ಬಲೆ ಹಾಸಿ, ಒಂದು ಬಾಯಲ್ಲಿ ಇದನ್ನು ಒಳಗೆ ಬಿಡುತ್ತಾರೆ. ಮೊಲ ಗಾಬರಿಯಾಗಿ ಹೊರಗೆ ಹಾರುತ್ತದೆ, ಬಲೆಗೆ ಬೀಳುತ್ತದೆ. ಪಕ್ಕದ ಹೊಲದ ಅಜ್ಜ ಚಿಕ್ಕಂದಿನಿಂದ ಇದನ್ನೇ ಮಾಡಿಕೊಂಡು ಬಂದವರು. ಅವರ ಹಳೆಯ ಸೆಣಬಿನ ಬಲೆಗಳನ್ನು ಇಲಿ ಕಡಿದಿದ್ದವು, ಅದಕ್ಕೇ ಹೊಸದು ತರಿಸಿದೆವು.

ಬಲೆ ಅಂದರೆ ನನಗೆ ಹೊಸದಲ್ಲ. ಮಲ್ಪೆ ಕಡೆಯ ಮನೆ ನಮ್ಮದು, ದೊಡ್ಡವರು ಜಗುಲಿಯಲ್ಲಿ ಕೂತು ಬಲೆ ಸರಿಮಾಡುವುದನ್ನು ನೋಡಿಯೇ ಬೆಳೆದದ್ದು. ಮೊಲದ ಈ ಪರ್ಸ್ ನೆಟ್ ಕೆಲಸ ಮಾಡುವುದು ನಮ್ಮ ಕಡೆಯ ಪರ್ಸೀನ್ ಬಲೆಯ ಹಾಗೇ, ಹಗ್ಗ ಬಿಗಿದರೆ ಬಾಯಿ ಮುಚ್ಚಿ ಚೀಲವಾಗುತ್ತದೆ. ಅಂಚಿನ ಕಣ್ಣುಗಳೊಳಗೆ, ಅಂದರೆ ಜಾಳಿಗೆಯ ತೂತುಗಳೊಳಗೆ, ಒಂದು ಹಗ್ಗ ಸುತ್ತ ಹಾದು ಬಂದಿರುತ್ತದೆ. ಅದನ್ನು ಒಂದು ರಿಂಗಿಗೆ ಕಟ್ಟಿ, ಇನ್ನೊಂದು ರಿಂಗಿನ ಒಳಗಿಂದ ಹಾಯಿಸಿ ಗೂಟಕ್ಕೆ ಬಿಗಿದಿರುತ್ತಾರೆ. ಮೊಲ ಗುದ್ದಿದ ಕೂಡಲೇ ರಿಂಗುಗಳು ಹತ್ತಿರ ಜಾರುತ್ತವೆ, ಮೊಲ ಚೀಲದೊಳಗೆ ಇಡಿಯಾಗಿ ಕೂರುತ್ತದೆ. ಅದಕ್ಕೆ ಏಟಾಗುವುದಿಲ್ಲ.

ಮೀನಿನ ಬಲೆಯಲ್ಲಿ ಒಂದು ಜಾತಿ ಇದೆಯಲ್ಲ, ಮೀನು ತಲೆ ತೂರಿಸಿದಾಗ ಕಿವಿರಿಗೆ ದಾರ ಸಿಕ್ಕಿಕೊಳ್ಳುವಂಥದ್ದು, ಅದು ಕುತ್ತಿಗೆ ಹಿಡಿಯಲೆಂದೇ ಮಾಡಿದ್ದು. ಕಣ್ಣಿಗೆ ಕಾಣದ ಹಾಗೆ ಗಾಳದ ದಾರದಂಥ ಒಂಟಿ ಎಳೆ ನೈಲಾನಿನಲ್ಲಿ ಹೆಣೆದಿರುತ್ತಾರೆ. ಅದನ್ನು ಮೊಲದ ಬಿಲಕ್ಕೆ ಹಾಕಿದರೆ ಏನಾಗುತ್ತದೆ ಅಂತ ಬಲೆ ಕಂಡವರು ಯಾರಾದರೂ ಹೇಳಬಲ್ಲರು.

ಮಾರಿದವರ ಜಾಣತನ ಎಲ್ಲಿದೆ ಗೊತ್ತಾ? ಪರ್ಸ್ ನೆಟ್ಟನ್ನು ಸಿಕ್ಕಾಗದಿರಲಿ ಅಂತ ಮಡಚಿ ಅದರ ಗೂಟಕ್ಕೆ ಸುತ್ತಿಯೇ ಮಾರುವುದು. ಬಿಚ್ಚುವುದು ಬಿಲದ ಬಾಯಲ್ಲೇ. ಮೇಲಿನದನ್ನು ಬಿಚ್ಚಿ ನೋಡಿದರೆ ಒಳ್ಳೆಯ ಹೆಣಿಗೆ. ಕೆಳಗಿನವೂ ಅದೇ ಹಸಿರು, ಸುತ್ತಿದಾಗ ವ್ಯತ್ಯಾಸವೇ ಕಾಣದು. ಆ ಬೆಳಿಗ್ಗೆ ಮೇಲಿನವು ನನ್ನ ಕೈಗೆ ಬಂದವು. ಉಳಿದವನ್ನು ಬೇಲಿಯ ಆಚೆ ಅಜ್ಜನ ಮೊಮ್ಮಗ ಹಾಸಿದ. ಅವನಿಗೆ ಅದು ಮೊದಲ ಸಲ.

ಮೊದಲ ಮೊಲ ಅವನ ಕಡೆಯೇ ಹಾರಿತು. ಆ ಬಲೆಯ ಕಣ್ಣು ತೀರಾ ದೊಡ್ಡದು. ತಲೆ, ಒಂದು ಮುಂಗಾಲು ಆಚೆ ಬಂದವು, ಹಗ್ಗ ಬಿಗಿಯಲೇ ಇಲ್ಲ. ಯಾಕೆ ಬಿಗಿಯುತ್ತದೆ? ಅಂಚಿನ ಕಣ್ಣುಗಳಲ್ಲಿ ಹಾಯಿಸಿರಲಿಲ್ಲ, ಎರಡು ರಿಂಗಿಗೂ ಸುಮ್ನೆ ಗಂಟು ಹಾಕಿಟ್ಟಿದ್ದರು. ದಾರ ಕುತ್ತಿಗೆಯ ಚರ್ಮ ಕತ್ತರಿಸಿ ಒಳಗೆ ಹೋಗಿತ್ತು. ಮೊಲ ಕಿರುಚುವುದನ್ನು ಕೇಳದವರಿಗೆ ಅದನ್ನು ವಿವರಿಸುವುದು ಕಷ್ಟ. ಅಜ್ಜ ಓಡಿ ಹೋಗಿ ಅದರ ಸಂಕಟ ಮುಗಿಸಿದರು. ಹುಡುಗ ಬೆಳ್ಳಗಾಗಿ ನಿಂತಿದ್ದ.

ಅಷ್ಟರಲ್ಲಿ ಫೆರೆಟ್ ಇನ್ನೊಂದು ಬಾಯಲ್ಲಿ ಮೂಗು ಹೊರಗೆ ಹಾಕಿತು. ಸರಿಯಾದ ಬಲೆಯಲ್ಲಿ ಗಂಟಿನಿಂದ ಗಂಟಿಗೆ ಸುಮಾರು 2 ಇಂಚು ಇರುತ್ತದೆ. ಮೊಲ ನಿಲ್ಲುತ್ತದೆ, ಫೆರೆಟ್ ಆರಾಮಾಗಿ ತೂರಿ ಬರುತ್ತದೆ. ಅಲ್ಲಿ ಹಾಸಿದ್ದು ಸಣ್ಣ ಕಣ್ಣಿನದು. ಉಗುರು ಸಿಕ್ಕಿತು, ಹಲ್ಲು ಸಿಕ್ಕಿತು. ಹೆದರಿ ಬಲೆ ಸಮೇತ ಹಿಂದಕ್ಕೆ ಬಿಲಕ್ಕೆ ನುಗ್ಗಿತು. ಪ್ಲಾಸ್ಟಿಕ್ ಗೂಟ ಕಿತ್ತು ಅದರ ಹಿಂದೆಯೇ ಹೋಯಿತು. ನೆಲದಡಿ ಎಲ್ಲಿದೆ ಅಂತ ಸಂಕೇತ ಕಳಿಸುವ ಲೊಕೇಟರ್ ಪಟ್ಟಿ ಕೊರಳಲ್ಲಿ ಇಲ್ಲದಿದ್ದರೆ ಅದನ್ನು ಅಲ್ಲೇ ಮರೆಯಬೇಕಿತ್ತು. ಕೈಯಲ್ಲಿದ್ದ ಅದರ ಯಂತ್ರ ಸದ್ದು ಮಾಡಿದ ಕಡೆ ಗುದ್ದಲಿ ಹಾಕಿ, ಹೆಪ್ಪುಗಟ್ಟಿದ ಮಣ್ಣು ಅಗೆದು ತೆಗೆದೆವು. ಬದುಕಿತು, ಆದರೆ ಒಸಡು ಹರಿದಿತ್ತು, ಒಂದು ಬೆರಳು ಹೋಯಿತು. ಪಶುವೈದ್ಯರ ಬಿಲ್ಲು ಬಲೆಯ ದುಡ್ಡಿಗಿಂತ ಎಷ್ಟೋ ಜಾಸ್ತಿ.

ಇದರಲ್ಲಿ ಕಾನೂನಿನ ಅಪಾಯವೂ ಇದೆ. ಕಾಡಿನ ಪ್ರಾಣಿಯಾದರೂ ಬಲೆಗೆ ಬಿದ್ದ ಮೇಲೆ ಅದು ನಿಮ್ಮ ವಶ. 2006ರ ಅನಿಮಲ್ ವೆಲ್ಫೇರ್ ಆಕ್ಟ್ ಅದಕ್ಕೂ ಅನ್ವಯಿಸುತ್ತದೆ. ಸುಮ್ಮನೆ ನರಳಿಸಿದರೆ ‘ಬಲೆ ಮಾರಿದವರ ತಪ್ಪು’ ಅಂತ ಕೈತೊಳೆದುಕೊಳ್ಳುವುದು ಕಷ್ಟ.

ಮಾರಿದವರಿಗೆ ಬರೆದರೆ ಬಂದ ಉತ್ತರ ಓದಿ ಅಜ್ಜ ನಕ್ಕೇಬಿಟ್ಟರು. ಇದು ತೋಟದ ಅಲಂಕಾರಕ್ಕೆ ಅಂತೆ! ಬಳಸಿದ ಮಾಲು ವಾಪಸ್ ಇಲ್ಲವಂತೆ. ಇದಕ್ಕೆ ಬಗ್ಗಬೇಡಿ. 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ, ಅಂಗಡಿಯವರಿಂದ ಕೊಂಡ ಮಾಲು ಹೇಳಿದಂತೆ ಇಲ್ಲದಿದ್ದರೆ 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ದುಡ್ಡು ಕೇಳಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಮಾಲಿಗೆ ಕಾರ್ಡ್ ಕಂಪನಿಯೂ ಹೊಣೆ ಅನ್ನುವ ಸೆಕ್ಷನ್ 75 ಇಲ್ಲಿ ಸಹಾಯಕ್ಕೆ ಬರಲಿಲ್ಲ, ಅದಕ್ಕೆ ವಸ್ತುವಿನ ಬೆಲೆ 100 ಪೌಂಡ್ ದಾಟಿರಬೇಕು. ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕೊಟ್ಟ ದುಡ್ಡನ್ನು ಮಾರಿದವರಿಂದ ವಾಪಸ್ ತರಿಸುವುದು) ಕೇಳಿ, ಫೋಟೋ ಕೊಟ್ಟ ಮೇಲೆ ಬಲೆಯ ದುಡ್ಡು ಬಂತು. ವೈದ್ಯರ ದುಡ್ಡು ಬರಲಿಲ್ಲ.

ಕೊಳ್ಳುವವರು ಮನೆಯಲ್ಲೇ ಎಲ್ಲ ಬಲೆಗಳನ್ನೂ ಬಿಚ್ಚಿ. ಹಗ್ಗ ಎಳೆದು ನೋಡಿ, ಎರಡು ರಿಂಗೂ ತಡೆಯಿಲ್ಲದೆ ಕೂಡಬೇಕು. ದಾರವನ್ನು ಬೆರಳಲ್ಲಿ ಉಜ್ಜಿ: ಹುರಿ ಮಾಡಿದ ಸೆಣಬು ಅಥವಾ ಹುರಿ ನೈಲಾನ್ ಆದರೆ ಸರಿ, ಜಾರುವ ಒಂಟಿ ಎಳೆ ಆದರೆ ಅಲ್ಲೇ ಬಿಡಿ. ಅಂಚು ನೋಡಿ, ಕತ್ತರಿಸಿದ ಗುರುತು ಇದ್ದರೆ ಆ ಸಾಲಿನ ಗಂಟುಗಳು ಒಂದೊಂದಾಗಿ ಬಿಡುತ್ತವೆ. ಹೊಸಬರಿಗೆ ಸೆಣಬಿನದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ತೂಕ ಇರುತ್ತದೆ, ಹಾಸಿದಲ್ಲೇ ಕೂರುತ್ತದೆ, ಸಿಕ್ಕು ಕಡಿಮೆ. ಒದ್ದೆ ಇಟ್ಟರೆ ಕೊಳೆಯುತ್ತದೆ, ಒಣಗಿಸುವ ಕೆಲಸ ತಪ್ಪದು.

ಕತ್ತರಿಸಿದ ಬಲೆಗೆ ಹೊಸ ಹಗ್ಗ ಹಾಕಿ ಸರಿಮಾಡಬಹುದಲ್ವಾ ಅಂತ ಕೆಲವರು ಕೇಳಿದರು. ಬೇಡ. ಕಣ್ಣು ವಜ್ರದ ಆಕಾರದಲ್ಲಿ ಬೀಳುವ ಹಾಗೆ ಹೆಣೆದಿದ್ದರೆ ಬಲೆ ಮಡಚಿ ಚೀಲವಾಗುತ್ತದೆ. ಅಡ್ಡಾದಿಡ್ಡಿ ಕತ್ತರಿಸಿ ಕಣ್ಣು ಚೌಕವಾಗಿ ನಿಂತರೆ ಹಗ್ಗ ಎಷ್ಟೇ ಚೆನ್ನಾಗಿದ್ದರೂ ಮುಚ್ಚುವುದಿಲ್ಲ. ಅದಕ್ಕಿಂತ ಬಲೆ ಹೆಣೆಯುವ ಒಂದು ಸೂಜಿ, ಕಣ್ಣಿನ ಅಳತೆಗೆ 2 ಇಂಚು ಅಗಲದ ಒಂದು ಪಟ್ಟಿ ಇಟ್ಟುಕೊಂಡು ನೀವೇ ಹೆಣೆಯಿರಿ. ನೈಲಾನ್ ಆದರೆ ಗಂಟಿಗೆ ಇನ್ನೊಂದು ಸುತ್ತು ಹಾಕಿ, ಇಲ್ಲದಿದ್ದರೆ ಜಾರುತ್ತದೆ. ಈಗ ಹುಡುಗನಿಗೂ ಕಲಿಸುತ್ತಿದ್ದೇನೆ.

ಇದೇ ಜನ ಹೊಲದಲ್ಲಿ ಬೇಲಿಯ ಹಾಗೆ ನಿಲ್ಲಿಸುವ ಉದ್ದ ಬಲೆಯನ್ನೂ ಮಾರುತ್ತಾರೆ. 100 ಗಜ ನಿಲ್ಲಿಸಲು 150 ಗಜದಷ್ಟು ಜಾಳಿಗೆ ಬೇಕು, ಸಡಿಲ ಇದ್ದರೇ ಮೊಲ ಸುತ್ತಿಕೊಳ್ಳುವುದು. ಇವರದು ಬಿಗಿಯಾಗಿ ನಿಲ್ಲುತ್ತದೆ, ಮೊಲ ಗುದ್ದಿ ವಾಪಸ್ ಓಡುತ್ತದೆ.

ಆ ಮಾರಾಟದ ಪುಟ ಈಗ ಬೇರೆ ಹೆಸರಿನಲ್ಲಿ ಮತ್ತೆ ತೆರೆದಿದೆ. ಫೋಟೋ ಮಾತ್ರ ಅದೇ: ಹಸಿರು ಕಟ್ಟು, ಕೆಂಪು ಪ್ಲಾಸ್ಟಿಕ್ ಗೂಟ, ಬಿಚ್ಚಿದ ಬಲೆಯ ಒಂದು ಚಿತ್ರವೂ ಇಲ್ಲ.